ಮುರಿದ ಮೂಳೆಗಳ ಲೆಕ್ಕ ಇಡಿ: ಆರೋಗ್ಯ ನೀತಿ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಆರೋಗ್ಯ ಇಲಾಖೆಗಳ ಹೊಣೆ ಹೊತ್ತವರಿಗೆ ಮತ್ತು ವೈದ್ಯಕೀಯ ಸಂಶೋಧನೆಗೆ ಹಣ ಮಂಜೂರು ಮಾಡುವ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ನನ್ನ ಕೋರಿಕೆ ಒಂದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರಲ್ಲಿ ಆಗುವ ಮೂಳೆ ಮುರಿತಗಳನ್ನು ಸರಿಯಾಗಿ ಎಣಿಸುವ ಏರ್ಪಾಡು ಮಾಡಿ. ಒಂದೆರಡು ವರ್ಷದ ಯೋಜನೆಯಾಗಿ ಬೇಡ, ಕಾಯಂ ಆಗಿ ಮಾಡಿ. ಯಾರನ್ನೂ ಬಿಡದೆ ಎಣಿಸಿ. ಗಂಡಸರು, ಎದ್ದು ಓಡಾಡಲಾಗದವರು, ವೃದ್ಧಾಶ್ರಮದಲ್ಲಿ ಇರುವವರು, ತಮ್ಮ ಬೆನ್ನುಮೂಳೆ ಮುರಿದಿದೆ ಅಂತ ತಮಗೇ ಗೊತ್ತಿಲ್ಲದವರು, ಎಲ್ಲರೂ ಆ ಲೆಕ್ಕದೊಳಗೆ ಬರಬೇಕು.

ಆಸ್ಪತ್ರೆಯ ದಾಖಲೆಗಳಿಂದ ಮುರಿತದ ವಿವರ ಹೆಕ್ಕಿ ಸಂಶೋಧಕರಿಗೆ ಒದಗಿಸುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಆದರೆ ಕೇಸ್ ಶೀಟುಗಳನ್ನು ದಿನವೂ ಓದುತ್ತೇನೆ. ಎಪ್ಪತ್ತು ದಾಟಿದ ಒಬ್ಬರು ಮನೆಯೊಳಗೇ ಕಾಲು ಜಾರಿ ಬಿದ್ದು, ಮಣಿಕಟ್ಟು ಮುರಿದುಕೊಂಡು ಬಂದರು ಅಂತ ಇಟ್ಟುಕೊಳ್ಳಿ. ಹಾಳೆಯ ಮೇಲೆ ‘ಬಿದ್ದು ಪೆಟ್ಟು, ಮಣಿಕಟ್ಟಿನ ಮುರಿತ, ಪ್ಲಾಸ್ಟರ್ ಹಾಕಿದೆ, ಆರು ವಾರ ಬಿಟ್ಟು ಬರಲು ತಿಳಿಸಿದೆ’ ಎಂದಿರುತ್ತದೆ. ಅಷ್ಟೇ. ಎಲ್ಲಿ ನಿಂತಿದ್ದರು, ಹೇಗೆ ಬಿದ್ದರು, ಹಿಂದೆ ಯಾವಾಗಲಾದರೂ ಮೂಳೆ ಮುರಿದಿತ್ತಾ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ, ತಾಯಿಗೋ ತಂದೆಗೋ ಸೊಂಟದ ಮೂಳೆ ಮುರಿದಿತ್ತಾ, ಇದ್ಯಾವುದೂ ಇರುವುದಿಲ್ಲ. ನಿಂತ ನೆಲದಲ್ಲಿ ಬಿದ್ದ ಮಾತ್ರಕ್ಕೆ ಮೂಳೆ ಮುರಿಯಿತು ಅಂದರೆ, ಆ ಮೂಳೆ ಒಳಗೊಳಗೇ ಸೊರಗಿರಬಹುದು ಅನ್ನುವ ಅನುಮಾನ ಬರಬೇಕು. ಹಾಳೆಯಲ್ಲಿ ಆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ವಿವರ ಬರೆಯದಿದ್ದರೆ ನಾನು ಹೆಕ್ಕುವುದಾದರೂ ಏನನ್ನು?

ಡಾಕ್ಟರುಗಳನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಮುರಿದ ಕೈಯನ್ನು ಸರಿಯಾಗಿ ಕೂರಿಸುವುದು ಅವರ ಮುಂದಿನ ಕೆಲಸ, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. ಆ ವಿವರಗಳನ್ನೆಲ್ಲ ಬರೆದಿಡಿ ಅಂತ ಅವರಿಗೆ ಯಾರೂ ಹೇಳಿಲ್ಲ, ಬರೆಯಲು ಒಂದು ನಮೂನೆಯನ್ನೂ ಕೊಟ್ಟಿಲ್ಲ. ಅದನ್ನು ಕೊಡಬೇಕಾದವರು ನೀವು.

ಎಣಿಸಿದರೆ ಏನು ಬಂತು ಅಂತ ನೀವು ಕೇಳಬಹುದು. ಮೂಳೆ ಒಳಗೊಳಗೇ ಸೊರಗುವ ಈ ಕಾಯಿಲೆಯ (ಆಸ್ಟಿಯೋಪೊರೋಸಿಸ್) ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲು, ಯಾರೋ ಪಟ್ಟು ಹಿಡಿದು ಎಣಿಸಿದ್ದರಿಂದಲೇ ಗೊತ್ತಾಗಿದ್ದು. ಅಮೆರಿಕದಲ್ಲಿ 1986ರಲ್ಲಿ ಶುರುವಾದ ಒಂದು ಅಧ್ಯಯನವನ್ನೇ ನೋಡಿ. ನಾಲ್ಕು ಕಡೆಗಳಲ್ಲಿ 65 ದಾಟಿದ 9,704 ಹೆಂಗಸರನ್ನು ಸೇರಿಸಿಕೊಂಡರು. ಅವರ ಮೂಳೆ ಸಾಂದ್ರತೆ, ಅಂದರೆ ಮೂಳೆಯಲ್ಲಿ ಖನಿಜ ಎಷ್ಟು ಒತ್ತಾಗಿದೆ ಅನ್ನುವುದನ್ನು, ಅಳೆದರು. ತೂಕ ನೋಡಿದರು, ಕಣ್ಣು ಪರೀಕ್ಷಿಸಿದರು, ನಡಿಗೆಯ ವೇಗ ನೋಡಿದರು. ಆಮೇಲೆ ಕಾದರು. ನಾಲ್ಕು ತಿಂಗಳಿಗೊಮ್ಮೆ ಒಂದು ಪೋಸ್ಟ್‌ಕಾರ್ಡ್ ಇಲ್ಲವೇ ಒಂದು ಫೋನ್ ಕರೆ. ಬಿದ್ದಿರಾ? ಏನಾದರೂ ಮುರಿಯಿತಾ? ಹೌದು ಅಂದರೆ ಎಕ್ಸ್‌ರೇ ವರದಿ ತರಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಆ ಹೆಂಗಸರೂ ಬೇಸರಪಡದೆ ಉತ್ತರ ಕೊಡುತ್ತಾ ಹೋದರು. ದೊಡ್ಡ ಯಂತ್ರಕ್ಕಿಂತ ಆ ಕಾರ್ಡು ಮಾಡಿದ ಕೆಲಸವೇ ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ಅದರಿಂದ ಹೊರಬಂದ ವಿಷಯಗಳನ್ನು ನೋಡಿ. ಕೈಯೂರದೆ ಕುರ್ಚಿಯಿಂದ ಏಳಲು ಆಗದವರಲ್ಲಿ ಸೊಂಟದ ಮೂಳೆ ಮುರಿಯುವ ಸಾಧ್ಯತೆ ಜಾಸ್ತಿ. ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ ಮಗಳಿಗೂ ಅಪಾಯ ಜಾಸ್ತಿ. ದಿನದಲ್ಲಿ ನಾಲ್ಕು ಗಂಟೆಗಿಂತ ಕಡಿಮೆ ಹೊತ್ತು ಕಾಲ ಮೇಲೆ ನಿಲ್ಲುವವರಿಗೆ, ಕಣ್ಣು ಮಂದವಾದವರಿಗೆ, ಇಪ್ಪತ್ತೈದನೇ ವಯಸ್ಸಿನಲ್ಲಿದ್ದ ತೂಕಕ್ಕಿಂತ ಈಗ ಇಳಿದುಹೋದವರಿಗೆ ಅಪಾಯ ಜಾಸ್ತಿ. ಇಂಥ ಕಾರಣಗಳು ಎರಡಕ್ಕಿಂತ ಹೆಚ್ಚಿಲ್ಲದ, ಮೂಳೆ ಸಾಂದ್ರತೆಯೂ ಚೆನ್ನಾಗಿದ್ದ ಹೆಂಗಸರಲ್ಲಿ ವರ್ಷಕ್ಕೆ ಸಾವಿರಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ ಸೊಂಟದ ಮೂಳೆ ಮುರಿಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಕಾರಣಗಳಿದ್ದು, ಸಾಂದ್ರತೆಯೂ ಕಡಿಮೆ ಇದ್ದವರಲ್ಲಿ ಸಾವಿರಕ್ಕೆ 27. ಈ ಅಂತರವನ್ನು ಒಬ್ಬ ಡಾಕ್ಟರ್ ತಮ್ಮ ಕೋಣೆಯಲ್ಲಿ ಕೂತು, ಬಂದ ರೋಗಿಗಳನ್ನು ನೋಡಿ ಕಂಡುಹಿಡಿಯಲು ಆಗುತ್ತಿರಲಿಲ್ಲ. ಮುರಿಯದೇ ಇದ್ದವರು ಅವರ ಹತ್ತಿರ ಬರುವುದೇ ಇಲ್ಲ, ಅಲ್ವಾ? ಮುರಿದವರನ್ನೂ ಮುರಿಯದವರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅಪಾಯ ಯಾವುದು ಅಂತ ಗೊತ್ತಾಗುತ್ತದೆ.

ಈಗ ಸಾಂದ್ರತೆಯ ವಿಚಾರಕ್ಕೆ ಬರುತ್ತೇನೆ. ನೀತಿ ಮಾಡುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡವೊಂದು ಒಂದು ಗೆರೆ ಎಳೆಯಿತು. ಆರೋಗ್ಯವಂತ ಯುವತಿಯರ ಸರಾಸರಿ ಸಾಂದ್ರತೆಗಿಂತ ಎಷ್ಟು ಕೆಳಗಿದ್ದೀರಿ ಎಂಬುದನ್ನು ಹೇಳುವ ಅಂಕಿಗೆ ಟಿ-ಸ್ಕೋರ್ ಅನ್ನುತ್ತಾರೆ. ಅದು ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಒಂದೇ ಅಳತೆಗೋಲು ಸಿಕ್ಕಿದ್ದು ಒಳ್ಳೆಯದೇ ಆಯಿತು. ಬೇರೆ ಬೇರೆ ದೇಶಗಳ ಅಂಕಿಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ಸಾಂದ್ರತೆ ಕಡಿಮೆಯಾದಷ್ಟೂ ಅಪಾಯ ಏರುತ್ತದೆ ಅನ್ನುವುದೂ ನಿಜ. ಆದರೆ ಕಾಲ ಕಳೆದಂತೆ ಆ ಗೆರೆಯೇ ಕಾಯಿಲೆ ಅನ್ನುವಂತಾಯಿತು. ಗೆರೆಯ ಕೆಳಗಿದ್ದವರಿಗೆ ಚಿಕಿತ್ಸೆ, ಮೇಲಿದ್ದವರಿಗೆ ‘ಏನೂ ತೊಂದರೆ ಇಲ್ಲ, ಹೋಗಿ ಬನ್ನಿ’.

ಜನಸಮೂಹದ ಅಧ್ಯಯನಗಳು ಏನು ಹೇಳುತ್ತವೆ ನೋಡಿ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್ ಅಧ್ಯಯನದಲ್ಲಿ ಬೆನ್ನುಮೂಳೆ ಬಿಟ್ಟು ಉಳಿದ ಮುರಿತಗಳನ್ನು ಲೆಕ್ಕ ಹಾಕಿದರು. ಹೆಂಗಸರ ಮುರಿತಗಳಲ್ಲಿ ಶೇ 44 ಮಾತ್ರ ಆ ಗೆರೆಯ ಕೆಳಗಿದ್ದವರದ್ದು. ಗಂಡಸರಲ್ಲಿ ಶೇ 21. ಅಮೆರಿಕದಲ್ಲಿ ಮುಟ್ಟು ನಿಂತ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಂದು ವರ್ಷ ಗಮನಿಸಿದ ಇನ್ನೊಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂಳೆ ಮುರಿದುಕೊಂಡವರ ಪೈಕಿ ಶೇ 82 ಜನ ಗೆರೆಯ ಮೇಲೆಯೇ ಇದ್ದರು. ಅಲ್ಲಿ ಸಾಂದ್ರತೆ ಅಳೆದಿದ್ದು ಹಿಮ್ಮಡಿ, ಬೆರಳು, ಮುಂಗೈಗಳಲ್ಲಿ, ಸೊಂಟದಲ್ಲಿ ಅಲ್ಲ. ಹಾಗಾಗಿ ಆ ಅಂಕಿಯನ್ನು ಹಾಗೆಯೇ ಎಲ್ಲ ಕಡೆ ಹಚ್ಚಬಾರದು. ಆದರೂ ಎರಡೂ ಅಧ್ಯಯನಗಳು ಬೆಟ್ಟು ಮಾಡುವುದು ಒಂದೇ ಕಡೆಗೆ.

ಇದರಲ್ಲಿ ಒಗಟೇನೂ ಇಲ್ಲ. ಗೆರೆಯ ಕೆಳಗಿರುವ ಒಬ್ಬೊಬ್ಬರಿಗೂ ಅಪಾಯ ಹೆಚ್ಚು, ಆದರೆ ಅವರ ಸಂಖ್ಯೆ ಕಡಿಮೆ. ಗೆರೆಯ ಸ್ವಲ್ಪ ಮೇಲಿರುವವರಿಗೆ ಅಪಾಯ ಅಷ್ಟಿಲ್ಲ, ಆದರೆ ಅವರ ಸಂಖ್ಯೆ ತುಂಬಾ ದೊಡ್ಡದು. ಕಡಿಮೆ ಅಪಾಯವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮುರಿತಗಳ ರಾಶಿ ಅಲ್ಲೇ ಬೀಳುತ್ತದೆ. ‘ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಎಷ್ಟು ಮಾಡಿಸಿದೆವು’ ಅನ್ನುವುದನ್ನೇ ಸಾಧನೆ ಅಂತ ವರದಿಯಲ್ಲಿ ಬರೆದುಕೊಳ್ಳುವ ಇಲಾಖೆಗಳಿಗೆ ನಾನು ಕೇಳಿಕೊಳ್ಳುವುದು ಇಷ್ಟೇ. ಮೂಳೆ ಸಾಂದ್ರತೆಯನ್ನು ಅಳೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಗುರಿ ಇರುವುದು ಸಾಂದ್ರತೆಯ ಮೇಲಲ್ಲ, ಮುರಿತದ ಮೇಲೆ. ಮುರಿತ ಕಡಿಮೆಯಾಯಿತಾ ಅಂತ ತಿಳಿಯಬೇಕಾದರೆ ಮುರಿತವನ್ನೇ ಎಣಿಸಬೇಕು.

ಎಣಿಸಲು ತೀರಾ ಕಷ್ಟವಾದದ್ದು ಬೆನ್ನುಮೂಳೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನು ದಿನವೂ ನೋಡುವುದು ಇದನ್ನೇ.

ಸೊಂಟದ ಮೂಳೆ ಮುರಿದರೆ ಯಾರಿಗೂ ಮುಚ್ಚಿಡಲು ಆಗುವುದಿಲ್ಲ. ಆ ಮನುಷ್ಯ ಏಳಲಾರ. ಆಸ್ಪತ್ರೆಗೆ ಬರಲೇಬೇಕು, ಆಪರೇಷನ್ ಆಗಲೇಬೇಕು. ಬೆನ್ನುಮೂಳೆ ಹಾಗಲ್ಲ. ಬಗ್ಗಿ ಏನನ್ನೋ ಎತ್ತುವಾಗ, ಕೆಲವೊಮ್ಮೆ ಬರೀ ಕೆಮ್ಮುವಾಗ, ಬೆನ್ನಿನ ಒಂದು ಮೂಳೆ ಮುಂಭಾಗದಲ್ಲಿ ಕುಸಿದುಬಿಡುತ್ತದೆ. ‘ಬೆನ್ನು ಹಿಡಿದುಕೊಂಡಿದೆ’ ಅಂದುಕೊಂಡು ಮುಲಾಮು ಹಚ್ಚಿ ಸುಮ್ನೆ ಮಲಗುತ್ತಾರೆ. ಕೆಲವರಿಗೆ ನೋವೂ ಬರುವುದಿಲ್ಲ. ಹೀಗೆ ಒಂದೊಂದಾಗಿ ಕುಸಿದು ಎತ್ತರ ಕಡಿಮೆಯಾಗುತ್ತದೆ, ಬೆನ್ನು ಬಾಗುತ್ತದೆ. ಎಲ್ಲರೂ ಅದಕ್ಕೆ ‘ವಯಸ್ಸಾಯ್ತು’ ಅಂದುಬಿಡುತ್ತಾರೆ. ಬೆನ್ನುಮೂಳೆಯ ಮುರಿತಗಳಲ್ಲಿ ಡಾಕ್ಟರ ಗಮನಕ್ಕೆ ಬರುವುದು ಸುಮಾರು ಮೂರನೇ ಒಂದು ಭಾಗ ಮಾತ್ರ.

ನೋವಿನ ಸಂಗತಿ ಏನೆಂದರೆ, ಉಳಿದವುಗಳಲ್ಲಿ ಎಷ್ಟೋ ಮುರಿತಗಳ ಚಿತ್ರ ಆಸ್ಪತ್ರೆಯ ಕಡತದಲ್ಲೇ ಇರುತ್ತದೆ. ಕೆಮ್ಮು ಅಂತಲೋ ಉಸಿರಾಟದ ತೊಂದರೆ ಅಂತಲೋ ಬಂದವರಿಗೆ ಎದೆಯ ಎಕ್ಸ್‌ರೇ ತೆಗೆಸುತ್ತಾರೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎದೆಯ ಭಾಗದ ಬೆನ್ನುಮೂಳೆಯ ಸಾಲು ಕಾಣುತ್ತದೆ. ಚೌಕಾಕಾರದ ಮೂಳೆಗಳ ನಡುವೆ ಒಂದು ಮಾತ್ರ ಮುಂದೆ ಗಿಡ್ಡ, ಹಿಂದೆ ಎತ್ತರ, ಬಾಗಿಲ ಸಂದಿಗೆ ಸಿಕ್ಕಿಸುವ ಬೆಣೆಯ ಹಾಗೆ. ನನ್ನಂಥ ಡಾಕ್ಟರಲ್ಲದವನಿಗೂ, ಒಮ್ಮೆ ತೋರಿಸಿಕೊಟ್ಟ ಮೇಲೆ, ಎದ್ದು ಕಾಣುತ್ತದೆ. ಕೆಳಗೆ ವರದಿ ಓದಿದರೆ ‘ಶ್ವಾಸಕೋಶ ಸ್ವಚ್ಛವಾಗಿದೆ, ಹೃದಯದ ಗಾತ್ರ ಸರಿಯಿದೆ’ ಎಂದಿರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಕೇಳದಿದ್ದುದು ಚಿತ್ರದಲ್ಲೇ ಉಳಿಯಿತು.

ಇದು ನನ್ನೊಬ್ಬನ ಅನುಭವ ಅಲ್ಲ. ಅಮೆರಿಕದ ಒಂದು ಆಸ್ಪತ್ರೆಗೆ ದಾಖಲಾಗಿದ್ದ, 60 ದಾಟಿದ 934 ಹೆಂಗಸರ ಎದೆಯ ಎಕ್ಸ್‌ರೇಗಳನ್ನು ಸಂಶೋಧಕರು ಮತ್ತೆ ತೆಗೆದು ನೋಡಿದ್ದರು. ವರದಿ ಬಂದಿದ್ದು 2000ರಲ್ಲಿ. 132 ಜನರ ಬೆನ್ನುಮೂಳೆಯಲ್ಲಿ ಸ್ಪಷ್ಟವಾದ ಮುರಿತ ಇತ್ತು. ಡಿಸ್‌ಚಾರ್ಜ್ ಹೊತ್ತಿಗೆ ಬರೆದ ಕಾಯಿಲೆಗಳ ಪಟ್ಟಿಯಲ್ಲಿ ಬೆನ್ನುಮೂಳೆ ಮುರಿತ ಅಂತ ಇದ್ದದ್ದು 17 ಜನರಿಗೆ ಮಾತ್ರ. ಉಳಿದವರ ಮುರಿತ ಆ ಪಟ್ಟಿಗೆ ಸೇರಲೇ ಇಲ್ಲ. ಬೆನ್ನಿನಲ್ಲಿ ಒಂದು ಮೂಳೆ ಕುಸಿದವರಿಗೆ ಇನ್ನೊಂದು ಕುಸಿಯುವ ಅಪಾಯ ಹಲವು ಪಟ್ಟು ಹೆಚ್ಚು. ಹಾಗಿರುವಾಗ ಇದನ್ನು ಸಣ್ಣ ಮರೆವು ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಒಂದು ವಯಸ್ಸು ದಾಟಿದ ಯಾರದೇ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆ ಕಂಡರೆ, ಅದರ ಬಗ್ಗೆ ಒಂದು ಸಾಲು ಕಡ್ಡಾಯವಾಗಿ ಬರೆಯಬೇಕು ಅಂತ ಸುತ್ತೋಲೆ ಹೊರಡಿಸಿ. ಮುರಿತ ಇದ್ದರೆ ‘ಮುರಿತ’ ಅಂತಲೇ ಬರೆಯಲಿ. ‘ಎತ್ತರ ತುಸು ಕಡಿಮೆ’, ‘ವಯೋಸಹಜ ಬದಲಾವಣೆ’ ಅಂತ ಬರೆದರೆ ಮುಂದಿನವರು ಓದಿ ಪಕ್ಕಕ್ಕಿಡುತ್ತಾರೆ.

ಇನ್ನು, ಅಧ್ಯಯನಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವ ವಿಚಾರ. ಮೇಲೆ ಹೊಗಳಿದ ಆ ಪೋಸ್ಟ್‌ಕಾರ್ಡಿನ ಅಧ್ಯಯನವನ್ನೇ ಮತ್ತೆ ತೆಗೆದುಕೊಳ್ಳುತ್ತೇನೆ. ಅದು ಶುರುವಾದಾಗ ಅದರಲ್ಲಿದ್ದವರೆಲ್ಲ ಬಿಳಿಯ ಹೆಂಗಸರು. ಕಪ್ಪು ಹೆಂಗಸರಲ್ಲಿ ಸೊಂಟದ ಮುರಿತ ಕಡಿಮೆ ಅಂತ ಅವರನ್ನು ಹೊರಗಿಟ್ಟಿದ್ದರು. ಸುಮಾರು ಹತ್ತು ವರ್ಷದ ಮೇಲೆ 600ಕ್ಕೂ ಹೆಚ್ಚು ಕಪ್ಪು ಹೆಂಗಸರನ್ನು ಸೇರಿಸಿಕೊಂಡರು. ಇನ್ನೊಬ್ಬರ ಆಸರೆ ಇಲ್ಲದೆ ನಡೆಯಲಾಗದವರನ್ನೂ ಮೊದಲಿಗೇ ಬಿಟ್ಟಿದ್ದರು. ಅಂದರೆ ಬೀಳುವ ಸಾಧ್ಯತೆ ಎಲ್ಲರಿಗಿಂತ ಜಾಸ್ತಿ ಇರುವವರೇ ಲೆಕ್ಕದಿಂದ ಹೊರಗೆ. ಅಷ್ಟು ವರ್ಷ ಜನರನ್ನು ಹಿಂಬಾಲಿಸುವ ಕಷ್ಟ ನನಗೆ ಗೊತ್ತು. ಕೇಂದ್ರಕ್ಕೆ ಬರಲು ಆಗದವರನ್ನು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಇದೆ, ಅವರಿರುವಲ್ಲಿಗೇ ಹೋಗಬೇಕು. ಅದಕ್ಕೆ ಹಣ ಬೇಕು. ಆ ಹಣ ನಿಮ್ಮ ಕೈಯಲ್ಲಿದೆ.

ಗಂಡಸರ ಕತೆ ಬೇರೆ. ಇದು ಹೆಂಗಸರ ಕಾಯಿಲೆ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅಮೆರಿಕದಲ್ಲಿ ವಯಸ್ಸಾದ ಗಂಡಸರಿಗೆಂದೇ ಇಂಥ ದೊಡ್ಡ ಅಧ್ಯಯನ ಶುರುವಾಗಿದ್ದು 2000ದಲ್ಲಿ. 65 ದಾಟಿದ 5,994 ಗಂಡಸರನ್ನು ಅದರಲ್ಲಿ ಸೇರಿಸಿಕೊಂಡರು. ಅದಕ್ಕೂ ಮೊದಲೇ, 1989ರಲ್ಲಿ, ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನಲ್ಲಿ 60 ದಾಟಿದ ಹೆಂಗಸರು, ಗಂಡಸರು ಇಬ್ಬರನ್ನೂ ಸೇರಿಸಿಕೊಂಡು ಒಂದು ಅಧ್ಯಯನ ಆರಂಭಿಸಿದ್ದರು. ಅಲ್ಲಿ ಕಂಡದ್ದು ಗಮನಿಸಬೇಕಾದ ಮಾತು. ಒಮ್ಮೆ ಮೂಳೆ ಮುರಿದ ಮೇಲೆ ಮತ್ತೆ ಮುರಿಯುವ ಅಪಾಯ ಹೆಂಗಸರಲ್ಲಿ ಸುಮಾರು ಎರಡು ಪಟ್ಟಾಯಿತು. ಗಂಡಸರಲ್ಲಿ ಸುಮಾರು ಮೂರೂವರೆ ಪಟ್ಟು. ಮೊದಲ ಮುರಿತಕ್ಕೆ ಮುಂಚೆ ಗಂಡಸರಿಗೆ ಇದ್ದ ಅನುಕೂಲ ಆಮೇಲೆ ಉಳಿಯಲೇ ಇಲ್ಲ. ಐವತ್ತು ದಾಟಿದ ಮೇಲೆ ಹೆಂಗಸರಲ್ಲಿ ಮೂವರಿಗೊಬ್ಬರು, ಗಂಡಸರಲ್ಲಿ ಐವರಿಗೊಬ್ಬರು ಇಂಥ ಮುರಿತ ಅನುಭವಿಸುತ್ತಾರೆ ಅನ್ನುವುದು ಎಲ್ಲ ಕಡೆ ಹೇಳುವ ಅಂದಾಜು. ಐವರಿಗೊಬ್ಬರು ಅಂದರೆ ಕಡಿಮೆಯೇನಲ್ಲ, ಅಲ್ವಾ?

ಸಕ್ಕರೆ ಕಾಯಿಲೆ ಇರುವವರದ್ದು ಇನ್ನೊಂದು ಪಾಠ. ಟೈಪ್ 2 ಡಯಾಬಿಟಿಸ್ ಇರುವವರ ಮೂಳೆ ಸಾಂದ್ರತೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸ್ಕ್ಯಾನ್ ನೋಡಿ ಸಮಾಧಾನಪಡಬಹುದು. ಆದರೆ ಮೂರು ದೊಡ್ಡ ಅಧ್ಯಯನಗಳ ಜನರನ್ನು ಒಟ್ಟು ಸೇರಿಸಿ ನೋಡಿದಾಗ, ಅದೇ ವಯಸ್ಸು, ಅದೇ ಟಿ-ಸ್ಕೋರ್ ಇರುವ ಬೇರೆಯವರಿಗಿಂತ ಇವರಿಗೆ ಮುರಿತದ ಅಪಾಯ ಹೆಚ್ಚಿತ್ತು. ದಪ್ಪ ಇದ್ದವರಿಗೆ ಮೂಳೆ ಮುರಿಯುವುದಿಲ್ಲ ಎಂಬ ಮಾತೂ ಹೀಗೆಯೇ ಬಿದ್ದುಹೋಯಿತು. ಹತ್ತು ದೇಶಗಳ ಅರವತ್ತು ಸಾವಿರ ಹೆಂಗಸರನ್ನು ಗಮನಿಸಿದ ಅಧ್ಯಯನದಲ್ಲಿ, ಬೊಜ್ಜಿರುವವರಿಗೂ ಮುರಿತಗಳಾಗುವುದು ಕಂಡಿತು. ಕಾಲಿನ ಹರಡು, ತೊಡೆಯ ಮುರಿತಗಳಂತೂ ಅವರಲ್ಲೇ ಹೆಚ್ಚು. ಎಣಿಸದೆ ಇದ್ದಿದ್ದರೆ ಆ ನಂಬಿಕೆಗಳು ಇವತ್ತಿಗೂ ಪಾಠವಾಗಿ ಉಳಿಯುತ್ತಿದ್ದವು.

2008ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಾನಿಸ್ ಅವರ ತಂಡ ಫ್ರಾಕ್ಸ್ ಎಂಬ ಲೆಕ್ಕದ ಸಾಧನ ಹೊರತಂದಿತು. ನಿಮ್ಮಲ್ಲಿ ಬಹಳ ಜನಕ್ಕೆ ಅದು ಗೊತ್ತಿರುತ್ತದೆ. ವಯಸ್ಸು, ತೂಕ, ಎತ್ತರ, ಹಿಂದಿನ ಮುರಿತ, ತಂದೆ ತಾಯಿಯ ಸೊಂಟದ ಮುರಿತ, ಧೂಮಪಾನ, ಕುಡಿತ, ಸ್ಟೀರಾಯ್ಡ್, ಹೀಗೆ ಕೆಲವು ವಿವರ ಕೊಟ್ಟರೆ ಮುಂದಿನ ಹತ್ತು ವರ್ಷದಲ್ಲಿ ಮುರಿತ ಆಗುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುತ್ತದೆ. ಸ್ಕ್ಯಾನ್ ಇಲ್ಲದೆಯೂ ಲೆಕ್ಕ ಹಾಕುತ್ತದೆ, ಅದೇ ಅದರ ದೊಡ್ಡ ಗುಣ. ಯೂರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ, ಜಪಾನ್‌ಗಳಲ್ಲಿ ವರ್ಷಗಟ್ಟಲೆ ಹಿಂಬಾಲಿಸಿದ ಸುಮಾರು ಅರವತ್ತು ಸಾವಿರ ಜನರ ವಿವರದ ಮೇಲೆ ಅದನ್ನು ಕಟ್ಟಿದ್ದಾರೆ. ಪರದೆಯ ಮೇಲೆ ಶೇ 18 ಅಂತ ಬಂದರೆ, ಅದು ಆ ಮನುಷ್ಯನ ಮೂಳೆಯಿಂದ ಓದಿದ್ದಲ್ಲ. ಅವನಂಥವರು ನೂರು ಜನ ಇದ್ದರೆ ಹದಿನೆಂಟು ಜನಕ್ಕೆ ಮುರಿತ ಆದೀತು ಅನ್ನುವ ಅಂದಾಜು.

‘ಅವನಂಥವರು’ ಯಾರು ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. ಸೊಂಟದ ಮುರಿತದ ಪ್ರಮಾಣ ಒಂದು ದೇಶಕ್ಕೂ ಇನ್ನೊಂದು ದೇಶಕ್ಕೂ ಹತ್ತು ಪಟ್ಟಿನಷ್ಟು ವ್ಯತ್ಯಾಸವಾಗುತ್ತದೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಲ್ಲಿ ಅತಿ ಹೆಚ್ಚು. ಅದಕ್ಕೇ ಫ್ರಾಕ್ಸ್‌ನಲ್ಲಿ ದೇಶಕ್ಕೊಂದು ಮಾದರಿ ಇದೆ, ಆಯಾ ದೇಶದ ಮುರಿತದ ದರ ಮತ್ತು ಸಾವಿನ ದರ ಹಾಕಿ ಹೊಂದಿಸಿದ್ದು. ಮುರಿತದ ಲೆಕ್ಕವೇ ಇಲ್ಲದ ದೇಶ ಏನು ಮಾಡಬೇಕು? ಬೇರೆ ದೇಶದ ದರವನ್ನು ಎರವಲು ತಂದು ಹಾಕುತ್ತಾರೆ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ಆದರೆ ಎರವಲು ಅಂಕಿಯ ಮೇಲೆ ಯಾರಿಗೆ ಔಷಧಿ, ಯಾರಿಗೆ ಬೇಡ ಅಂತ ತೀರ್ಮಾನ ಆಗುತ್ತಿದೆ ಅನ್ನುವುದನ್ನು ಮರೆಯಬಾರದು. ಆ ಅಂಕಿ ತಪ್ಪಿದ್ದರೆ, ತಪ್ಪಿದೆ ಅಂತ ತೋರಿಸಲು ಕೂಡ ನಿಮ್ಮದೇ ಲೆಕ್ಕ ಬೇಕು.

ಫ್ರಾಕ್ಸ್‌ನ ಮೂಲ ರೂಪ ಇನ್ನೂ ಒಂದು ಪ್ರಶ್ನೆ ಕೇಳುವುದಿಲ್ಲ, ಹೋದ ವರ್ಷ ಎಷ್ಟು ಸಲ ಬಿದ್ದಿರಿ ಅಂತ. ಸೊಂಟದ ಮುರಿತಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಗುವುದು ಬಿದ್ದಾಗಲೇ. ಹಾಗಿದ್ದೂ ಕೇಳದಿರಲು ಕಾರಣ ಸರಳ. ಹಳೆಯ ಅಧ್ಯಯನಗಳಲ್ಲಿ ಬೀಳುವುದನ್ನು ಎಲ್ಲರೂ ಒಂದೇ ರೀತಿ ಬರೆದಿಟ್ಟಿರಲಿಲ್ಲ. ಡಬ್ಬೋದವರು ಬರೆದಿಟ್ಟಿದ್ದರು, ಹಾಗಾಗಿ ಅದರ ಆಧಾರದ ಮೇಲೆ ಕಟ್ಟಿದ, ಫ್ರಾಕ್ಸ್‌ನಂಥದೇ ಇನ್ನೊಂದು ಸಾಧನವಾದ ಗಾರ್ವನ್ ಲೆಕ್ಕದಲ್ಲಿ ಬೀಳುವುದಕ್ಕೂ ಜಾಗ ಸಿಕ್ಕಿತು. ಇವತ್ತು ನೀವು ಏನನ್ನು ಬರೆದಿಡಲು ಹೇಳುತ್ತೀರೋ, ಇಪ್ಪತ್ತು ವರ್ಷದ ಮೇಲೆ ಡಾಕ್ಟರ ಕೈಗೆ ಅದೇ ಸಿಗುತ್ತದೆ.

ಔಷಧಿ, ಮಾತ್ರೆಗಳ ವಿಚಾರದಲ್ಲೂ ದೊಡ್ಡ ಜನಸಮೂಹದ ಅಧ್ಯಯನಗಳೇ ನಮ್ಮನ್ನು ಕಾಪಾಡಿವೆ. ಎಲ್ಲರಿಗೂ ವಿಟಮಿನ್ ಡಿ ಕೊಟ್ಟರೆ ಮುರಿತ ನಿಲ್ಲುತ್ತದೆ ಎಂಬ ಉತ್ಸಾಹ ಒಂದು ಕಾಲಕ್ಕೆ ಜೋರಾಗಿತ್ತು. ಸುಮಾರು ಇಪ್ಪತ್ತಾರು ಸಾವಿರ ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ಅಮೆರಿಕದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ವಿಟಮಿನ್ ಕೊರತೆ ಇದೆಯೇ ಇಲ್ಲವೇ ಅಂತ ಆರಿಸದೆ ಸೇರಿಸಿಕೊಂಡ ಜನ ಅವರು. ಅಂಥವರಲ್ಲಿ ಅದು ಮುರಿತವನ್ನು ಕಡಿಮೆ ಮಾಡಲಿಲ್ಲ. ನಿಜವಾದ ಕೊರತೆ ಇರುವವರ ಮಾತು ಬೇರೆ. ಆದರೆ ಎಲ್ಲರಿಗೂ ಹಂಚುವ ಯೋಜನೆಗೆ ಖಜಾನೆಯ ಹಣ ಸುರಿಯುವ ಮೊದಲು ಇದನ್ನು ಓದಬೇಕು. ಬ್ರಿಟನ್ನಿನಲ್ಲಿ 70ರಿಂದ 85 ವಯಸ್ಸಿನ 12,483 ಹೆಂಗಸರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಅರ್ಧದಷ್ಟು ಜನರ ಅಪಾಯವನ್ನು ಫ್ರಾಕ್ಸ್‌ನಿಂದ ಅಳೆದು, ಹೆಚ್ಚಿದ್ದವರನ್ನು ಚಿಕಿತ್ಸೆಗೆ ಕಳಿಸಿದರು. 2018ರಲ್ಲಿ ಬಂದ ಫಲಿತಾಂಶ ಪ್ರಾಮಾಣಿಕವಾದದ್ದು. ಒಟ್ಟು ಮುರಿತಗಳು ಕಡಿಮೆಯಾಗಲಿಲ್ಲ, ಸೊಂಟದ ಮುರಿತ ಮಾತ್ರ ಶೇ 28ರಷ್ಟು ಕಡಿಮೆಯಾಯಿತು. ಸೊಂಟದ ಮುರಿತವೇ ಎಲ್ಲಕ್ಕಿಂತ ಘೋರವಾದದ್ದು. ಅದಾದ ಒಂದು ವರ್ಷದೊಳಗೆ ಐವರಲ್ಲಿ ಒಬ್ಬರಾದರೂ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಬಹಳ ಜನ ಮೊದಲಿನ ಹಾಗೆ ನಡೆಯುವುದಿಲ್ಲ. ಅದನ್ನು ಇಷ್ಟು ಇಳಿಸಲು ಸಾಧ್ಯ ಅಂತ ಗೊತ್ತಾಗಿದ್ದೇ ದೊಡ್ಡ ಮಾತು.

ಬರೀ ಎಣಿಕೆಯಿಂದಲೇ ಚಿಕಿತ್ಸೆ ಸುಧಾರಿಸಿದ ಉದಾಹರಣೆಯೂ ಇದೆ. ಸ್ವೀಡನ್ 1988ರಿಂದ ಸೊಂಟದ ಮುರಿತಗಳ ನೋಂದಣಿ ಇಟ್ಟಿದೆ. ಬ್ರಿಟನ್ನಿನಲ್ಲಿ 2007ರಲ್ಲಿ ರಾಷ್ಟ್ರೀಯ ನೋಂದಣಿ ಬಂತು. ಯಾವ ಆಸ್ಪತ್ರೆಯಲ್ಲಿ ಎಷ್ಟು ಬೇಗ ಆಪರೇಷನ್ ಆಯಿತು, ಮೂವತ್ತು ದಿನದಲ್ಲಿ ಎಷ್ಟು ಜನ ತೀರಿಕೊಂಡರು, ಎಲ್ಲವೂ ಅದರಲ್ಲಿ ಇರುತ್ತದೆ. ಇಂಗ್ಲೆಂಡಿನಲ್ಲಿ 2007ರಲ್ಲಿ ಮೂವತ್ತು ದಿನದೊಳಗಿನ ಸಾವು ಶೇ 10.9 ಇತ್ತು. 2011ಕ್ಕೆ ಶೇ 8.5ಕ್ಕೆ ಇಳಿಯಿತು. ಲೆಕ್ಕದ ಜೊತೆ ಒಳ್ಳೆಯ ಆರೈಕೆಗೆ ಪ್ರೋತ್ಸಾಹಧನವೂ ಇತ್ತು, ಅದನ್ನು ಮರೆಮಾಚಲಾರೆ. ಆದರೆ ಲೆಕ್ಕ ಇಲ್ಲದಿದ್ದರೆ ಯಾರಿಗೆ ಪ್ರೋತ್ಸಾಹ ಕೊಡುವುದು?

ಮೊದಲ ಮುರಿತದ ನಂತರದ ಒಂದೆರಡು ವರ್ಷ ಅತಿ ಅಪಾಯದ ಕಾಲ. ಆ ಹೊತ್ತಿನಲ್ಲೇ ಚಿಕಿತ್ಸೆ ಸಿಗಬೇಕು. ಆಗುತ್ತಿರುವುದು ಬೇರೆ. ಅಮೆರಿಕದಲ್ಲಿ ವಿಮೆ ಇದ್ದವರಲ್ಲೇ, ಸೊಂಟ ಮುರಿದ ಮೇಲೆ ಮೂಳೆಗೆ ಔಷಧಿ ಪಡೆದವರ ಪ್ರಮಾಣ 2002ರಲ್ಲಿ ಶೇ 40 ಇದ್ದದ್ದು 2011ಕ್ಕೆ ಶೇ 21ಕ್ಕೆ ಕುಸಿಯಿತು. ಔಷಧಿ ಇದೆ, ರೋಗಿ ಕಣ್ಣ ಮುಂದೆಯೇ ಇದ್ದಾರೆ, ಆದರೂ ಕೈ ತಪ್ಪುತ್ತದೆ. ಮುರಿತ ಆದವರನ್ನು ಗುರುತಿಸಿ, ಕರೆದು, ಪರೀಕ್ಷಿಸಿ, ಔಷಧಿ ಶುರುಮಾಡಿ, ಆಮೇಲೆ ಫೋನ್ ಮಾಡಿ ವಿಚಾರಿಸುವ ಒಬ್ಬ ನರ್ಸ್ ಇದ್ದ ಕಡೆಗಳಲ್ಲಿ ಚಿಕಿತ್ಸೆ ಪಡೆಯುವವರು ಹೆಚ್ಚಾಗಿದ್ದಾರೆ. ಆ ನರ್ಸಿಗೆ ಬೇಕಾದ ಮೊದಲ ವಸ್ತು ಏನು ಗೊತ್ತಾ? ಮುರಿತ ಆದವರ ಪಟ್ಟಿ.

ಆದ್ದರಿಂದ ನಾನು ಕೇಳುವುದು ಹೀಗಿದೆ. ಮುರಿತದೊಂದಿಗೆ ಬರುವ ಐವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಪುಟ್ಟ ನಮೂನೆ ಇರಲಿ. ಹೇಗೆ ಬಿದ್ದರು, ಹಿಂದೆ ಏನು ಮುರಿದಿತ್ತು, ಯಾವ ಔಷಧಿ ತೆಗೆದುಕೊಳ್ಳುತ್ತಾರೆ, ಕೈಯೂರದೆ ಕುರ್ಚಿಯಿಂದ ಏಳುತ್ತಾರಾ, ಇಷ್ಟು ಸಾಕು. ಮೂರ್ನಾಲ್ಕು ನಿಮಿಷದ ಕೆಲಸ. ಆ ವಿವರ ಒಂದೇ ನೋಂದಣಿಗೆ ಸೇರಲಿ. ಅದು ಸಾವಿನ ದಾಖಲೆಗೂ ಔಷಧಿ ದಾಖಲೆಗೂ ಹೊಂದಿಕೊಳ್ಳುವಂತಿರಲಿ. ಇಲ್ಲದಿದ್ದರೆ ತೀರಿಕೊಂಡವರೂ ಆರೋಗ್ಯವಾಗಿರುವವರೂ ಲೆಕ್ಕದಲ್ಲಿ ಒಂದೇ ಆಗಿಬಿಡುತ್ತಾರೆ. ಹೆಸರು, ವಿಳಾಸಗಳನ್ನು ಬೇರೆ ಇಟ್ಟು ಬೀಗ ಹಾಕಿ. ಜನ ತಮ್ಮ ಮೈಯ ವಿವರವನ್ನು ನಂಬಿ ಕೊಡುತ್ತಾರೆ, ಆ ನಂಬಿಕೆ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಅದರ ಜೊತೆಗೆ, ಮುರಿತ ಆಗುವ ಮೊದಲೇ ಜನರನ್ನು ಸೇರಿಸಿಕೊಂಡು ಹಿಂಬಾಲಿಸುವ ಅಧ್ಯಯನ ಒಂದಾದರೂ ಬೇಕು. ಅದಕ್ಕೆ ಹದಿನೈದು, ಇಪ್ಪತ್ತು ವರ್ಷದ ಮಂಜೂರಾತಿ ಕೊಡಿ. ಮೂರು ವರ್ಷಕ್ಕೊಮ್ಮೆ ಹಣ ನಿಲ್ಲುತ್ತದೋ ಏನೋ ಅಂತ ಹೆದರುತ್ತಾ ನಡೆಸುವ ಅಧ್ಯಯನದಲ್ಲಿ ಮೊದಲು ಬಿಟ್ಟುಹೋಗುವುದು ಹುಡುಕಲು ಕಷ್ಟವಾದ ಜನ. ಮನೆ ಬದಲಿಸಿದವರು, ಕಿವಿ ಕೇಳದವರು, ಮರೆವು ಬಂದವರು. ಮೂಳೆ ಮುರಿದುಕೊಳ್ಳುವವರೂ ಹೆಚ್ಚಾಗಿ ಅವರೇ.

ಖರ್ಚಿನ ಮಾತು ಬಂದೇ ಬರುತ್ತದೆ. 1990ರಲ್ಲಿ ಜಗತ್ತಿನಲ್ಲಿ ಸುಮಾರು 16.6 ಲಕ್ಷ ಸೊಂಟದ ಮುರಿತಗಳು ಆಗಿದ್ದವು ಅಂತ ಒಂದು ಅಂದಾಜು. ಅದೇ ಅಂದಾಜಿನಲ್ಲಿ 2050ಕ್ಕೆ 62.6 ಲಕ್ಷ ಆಗಬಹುದು ಎಂದಿದ್ದರು. ಆಮೇಲೆ ಹಲವು ಶ್ರೀಮಂತ ದೇಶಗಳಲ್ಲಿ ವಯಸ್ಸಿಗೆ ತಕ್ಕ ಮುರಿತದ ದರ ಇಳಿಯಿತು, ಅದು ಸಂತೋಷದ ವಿಷಯ. ಆದರೆ ವಯಸ್ಸಾದವರ ಸಂಖ್ಯೆಯೇ ಏರುತ್ತಿರುವುದರಿಂದ ಒಟ್ಟು ಮುರಿತಗಳು ಏರುತ್ತಲೇ ಇವೆ. ಆಪರೇಷನ್ನಿಗೆ, ತಿಂಗಳುಗಟ್ಟಲೆ ಆರೈಕೆಗೆ ಹಣ ಹೇಗೂ ಖರ್ಚಾಗುತ್ತದೆ. ಅದರ ಒಂದು ಸಣ್ಣ ಪಾಲನ್ನು ಎಣಿಕೆಗೆ ಈಗಲೇ ತೆಗೆದಿಡಿ ಅಂತ ಕೇಳುತ್ತಿದ್ದೇನೆ.

ಈ ಪತ್ರಕ್ಕೆ ಉತ್ತರ ಕೊಡುವಿರಾದರೆ, ಬಹಿರಂಗವಾಗಿಯೇ ಕೊಡಿ. ನಿಮ್ಮ ವ್ಯಾಪ್ತಿಯಲ್ಲಿ ಹೋದ ವರ್ಷ ಎಷ್ಟು ಜನರ ಸೊಂಟದ ಮೂಳೆ ಮುರಿಯಿತು, ಅವರಲ್ಲಿ ಎಷ್ಟು ಜನ ಈಗ ಬದುಕಿದ್ದಾರೆ, ಎಷ್ಟು ಜನಕ್ಕೆ ಮತ್ತೆ ಮುರಿಯದಂತೆ ಔಷಧಿ ಸಿಕ್ಕಿದೆ, ಈ ಮೂರು ಅಂಕಿ ತಿಳಿಸಿ. ಆ ಅಂಕಿ ನಿಮ್ಮಲ್ಲಿ ಇಲ್ಲವಾದರೆ, ಎಂದಿನಿಂದ ಎಣಿಸಲು ಶುರುಮಾಡುತ್ತೀರಿ ಅನ್ನುವ ತಾರೀಖು ತಿಳಿಸಿ.

ಇಂತಿ,
ಮೂಳೆ ಮುರಿತದ ದಾಖಲೆಗಳನ್ನು ಓದುವ ಒಬ್ಬ ಕೆಲಸಗಾರ